ಒಳಗೆ ಕರೆಯುವವರೆಗೆ

ಇಂಗ್ಲಿಷ್ ಟೀಚರ್ ಅಂದರೆ ನಿಘಂಟನ್ನು ಅರೆದು ಕುಡಿದವಳು ಎಂದು ನಮ್ಮ ಕಡೆಯ ಜನ ತಿಳಿದುಕೊಂಡಿದ್ದಾರೆ. ಮಾತ್ರೆ ಡಬ್ಬಿ ಮೇಲಿನ ಹೆಸರು, ಗೊಬ್ಬರದ ಚೀಲದ ಮೇಲಿನ ಅಕ್ಷರ, ಬ್ಯಾಂಕಿನಿಂದ ಬಂದ ಮೆಸೇಜು, ಎಲ್ಲವನ್ನೂ ನನ್ನ ಮೂಗಿನ ಹತ್ತಿರ ಹಿಡಿದು "ಇದು ಎಂತ ನೋಡು ಮಾರಾಯ್ತಿ" ಅನ್ನುತ್ತಾರೆ. ಗೊತ್ತಿಲ್ಲ ಅಂದರೆ "ಮತ್ತೆ ಮಕ್ಕಳಿಗೆ ಎಂತ ಕಲಿಸ್ತೀಯ?" ಎಂಬ ಮರುಪ್ರಶ್ನೆ. ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಹೇಳಿ ಹೇಳಿ ಗಂಟಲು ಒಡೆದುಕೊಂಡವಳು ನಾನು. ಈ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಹಾಗಾಗಿ ಆ ಶನಿವಾರ ಅತ್ತಿಗೆ ಅಡುಗೆಮನೆಯಲ್ಲಿ ಕಡುಬಿಗೆ ಅಕ್ಕಿ ತರಿ ಹುರಿಯುತ್ತಾ ಒಂದು ಶಬ್ದದ ಅರ್ಥ ಕೇಳಿದಾಗ ನಾನು ಸಿಡುಕಿಯೇ ಶುರು ಮಾಡಿದೆ.

"ರೆವೆನಂಟ್ ಅಂದ್ರೆ ಎಂತದೇ?"

"ಯಾರು ಹೇಳಿದ್ದು?"

"ನೀನು ಮೊದ್ಲು ಅರ್ಥ ಹೇಳು. ಯಾರು ಅಂತ ಆಮೇಲೆ."

"ರೆವೆನ್ಯೂ ಇರ್ಬೇಕು ಅತ್ಗೆ. ತಾಲ್ಲೂಕಾಫೀಸಿಂದ ಯಾರಾದ್ರೂ ಬಂದಿದ್ರಾ?"

"ರೆವೆನ್ಯೂ ನಂಗೆ ಗೊತ್ತಿಲ್ವಾ? ಆ ಆಫೀಸಿನ ಮೆಟ್ಲು ಸವೆಸಿದವ್ಳು ನಾನು. ಇದು ಅದಲ್ಲ. ಅದರ ತಂಗಿ ಇದ್ದ ಹಾಗೆ ಇತ್ತು."

"ಹಂಗಾದ್ರೆ ನಂಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಇರೋ ಶಬ್ದ ಎಲ್ಲ ನಮ್ಮ ಅಪ್ಪನ ಮನೆ ಆಸ್ತಿಯಾ?"

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಕೊಟ್ಟಿಗೆಹಾರ ದಾಟಿ ಬಾಳೂರಿನ ಕಡೆ ಹೋಗುವಾಗ ಮಣ್ಣಿನ ರಸ್ತೆ ಹಿಡಿದು ಹತ್ತಿದರೆ ಅವರ ತೋಟ, ಮನೆ. ನನ್ನ ತವರೂ ಅದೇ. ಈಗ ಮುಂದಿನ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದಾರೆ. ಅಣ್ಣ ಇಲ್ಲದ ಮೇಲೆ ಮಾಡಿದ್ದು ಎಂದು ನಾನು ಇಲ್ಲಿ ಬರೆಯಬಹುದು, ಅತ್ತಿಗೆಯ ಎದುರು ಹಾಗೆ ಹೇಳುವಂತಿಲ್ಲ. "ಅಣ್ಣ ಹೋದ ಮೇಲೆ" ಅಂದರಂತೂ ಮುಗಿಯಿತು, ಎರಡು ದಿನ ಮಾತಿಲ್ಲ. "ಆ ಮಳೆಗಾಲ ಆದ ಮೇಲೆ" ಅನ್ನಬೇಕು. ಊರಿನವರೆಲ್ಲ ಹಾಗೆಯೇ ಹೇಳಲು ಕಲಿತಿದ್ದಾರೆ.

ಶಬ್ದ ಹೇಳಿದ್ದು ಹಿಂದಿನ ದಿನ ಹೊರಟುಹೋದ ಗೆಸ್ಟು. ಗಂಡ ಹೆಂಡತಿ ಇಬ್ಬರೇ ಬಂದಿದ್ದರಂತೆ, ತಲೆ ಬೆಳ್ಳಗಾದವರು, ಮೆತ್ತಗೆ ಮಾತಾಡುವವರು. ಬೆಳಿಗ್ಗೆ ಜಗಲಿಯಲ್ಲಿ ಕೂತು ಅಕ್ಕಿ ರೊಟ್ಟಿ ತಿನ್ನುತ್ತಿದ್ದಾಗ ಕಾಫಿ ಒಣಗಿಸುವ ಕಣದ ಮೇಲಿನ ಸಿಲ್ವರ್ ಮರಗಳ ಕಡೆಯಿಂದ ಶಿಳ್ಳೆ ಕೇಳಿಸಿತು. ಅತ್ತಿಗೆ ಕೈಯಲ್ಲಿದ್ದ ಚಟ್ನಿ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟು ಬಾಗಿಲಿಗೆ ಹೋಗಿ ನಿಂತರು. ಅದು ಯಾರು ಎಂದು ಗೆಸ್ಟು ಕೇಳಿದರು. ಅತ್ತಿಗೆಯ ಹೋಂಸ್ಟೇ ಇಂಗ್ಲಿಷ್ ನನಗೆ ಗೊತ್ತು. "ಮೈ ಹಸ್ಬೆಂಡ್ ವಿಸಲ್. ಬರ್ಡ್ ಡೂಯಿಂಗ್. ಹಸ್ಬೆಂಡ್ ಕಮಿಂಗ್" ಅಂದಿದ್ದಾರೆ. ಆ ಮನುಷ್ಯ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಈ ಶಬ್ದ ಹೇಳಿದರು.

"ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ" ಎಂದರು ಅತ್ತಿಗೆ. "ಆದ್ರೆ ಆ ಹೆಂಗಸು ಎದ್ದು ಬಂದು ನನ್ನ ಕೈ ಹಿಡ್ಕೊಂಡ್ಳು ಮಾರಾಯ್ತಿ. ಕೈ ಯಾಕೆ ಹಿಡ್ಕೋಬೇಕು? ಅದಕ್ಕೇ ಕೇಳಿದ್ದು. ಅದ್ರಲ್ಲಿ ಎಂತ ಉಂಟು ಅಂತ ನಂಗೆ ಗೊತ್ತಾಗ್ಬೇಕು."

ಅಣ್ಣನ ವಿಷಯ ಇಲ್ಲಿ ಹೇಳಿಬಿಡುತ್ತೇನೆ. ಆ ವರ್ಷ ಪುಷ್ಯ ಮಳೆ ಹಿಡಿದದ್ದು ಬಿಡಲಿಲ್ಲ. ಮೇಲಿನ ತೋಟದ ಬೇಲಿಗೆ ಮರ ಬಿದ್ದಿದೆ ಎಂದು ಮೇಸ್ತ್ರಿ ಬಂದು ಹೇಳಿದ. ಕಾಫಿ ಕುಡಿದ ಅಣ್ಣ ಬೂಟು ಹಾಕಿಕೊಂಡು, ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನೋಡ್ಕೊಂಡು ಬರ್ತೀನಿ" ಎಂದು ಹೊರಟ. ಮಧ್ಯಾಹ್ನ ಆಗುವಷ್ಟರಲ್ಲಿ ಹಳ್ಳದ ಆಚೆ, ಆ ತೋಟವಿದ್ದ ಗುಡ್ಡವೇ ಜರಿಯಿತು. ಆ ಸದ್ದನ್ನು ಲಾರಿ ಬಂತು ಎಂದು ತಿಳಿದೆ ಎಂದು ಅತ್ತಿಗೆ ಈಗಲೂ ಹೇಳುತ್ತಾರೆ. ಕಾಫಿ ಗಿಡ, ಸಿಲ್ವರ್ ಮರ, ಬೇಲಿ, ಕಲ್ಲು, ಎಲ್ಲವೂ ಕೆಸರಾಗಿ ಹಳ್ಳಕ್ಕೆ ಇಳಿದು ಹಳ್ಳದ ಜೊತೆ ಹೊಳೆಗೆ ಹೋಯಿತು. ಜೆಸಿಬಿ ಬರಲು ರಸ್ತೆಯೇ ಉಳಿದಿರಲಿಲ್ಲ. ಊರಿನ ಗಂಡಸರು, ತೋಟದ ಕೆಲಸದವರು ಸೇರಿ ಗುದ್ದಲಿ ಹಿಡಿದು ಅಗೆದರು, ಹೊಳೆಯ ದಂಡೆ ಹಿಡಿದು ಎಷ್ಟೋ ದೂರ ಹುಡುಕಿದರು. ಅವನ ಒಂದು ಬೂಟೂ ಸಿಗಲಿಲ್ಲ.

ಶಿಳ್ಳೆ ಅಣ್ಣನದು. ತೋಟದಿಂದ ಇಳಿದು ಬರುವಾಗ ಕಣದ ತಿರುವಿನಲ್ಲಿ ಅವನು ಶಿಳ್ಳೆ ಹಾಕುತ್ತಿದ್ದ. ಮೊದಲ ಸ್ವರ ಉದ್ದ, ಎರಡನೆಯದು ಮೇಲಕ್ಕೆ ಹೋಗಿ ಫಕ್ಕನೆ ತುಂಡಾಗುವುದು. ಅದು ಕೇಳಿದ ಕೂಡಲೇ ಅತ್ತಿಗೆ ಅವನ ಸ್ನಾನಕ್ಕೆಂದು ಬಚ್ಚಲೊಲೆಗೆ ಒಂದು ಕೊಳ್ಳಿ ದೂಡಿ, ಅಡುಗೆಮನೆಯಲ್ಲಿ ಹಾಲು ಕಾಯಲು ಇಡುವುದು. ಮದುವೆಯಾದಾಗಿನಿಂದ ನಡೆದ ಕ್ರಮ. ಆ ಶಿಳ್ಳೆಯನ್ನು ನಾವು ಯಾರೂ ಒಂದು ದೊಡ್ಡ ವಿಷಯ ಎಂದುಕೊಂಡಿರಲಿಲ್ಲ, ಗಂಡಸರು ಕೆಮ್ಮಿಕೊಂಡು ಬರುವುದಿಲ್ಲವೇ, ಹಾಗೆ.

ಮಳೆ ಹಿಂದೆ ಸರಿದು ಒಂದಿಷ್ಟು ಬಿಸಿಲು ಬಿದ್ದ ದಿನ, ಮಧ್ಯಾಹ್ನ, ಕಣದ ಕಡೆಯಿಂದ ಅದೇ ಶಿಳ್ಳೆ ಬಂತು. ನಾನು ಅಲ್ಲೇ ಇದ್ದೆ. ಅತ್ತಿಗೆ ಸೌಟು ಹಿಡಿದುಕೊಂಡೇ ಬರಿಗಾಲಲ್ಲಿ ಓಡಿದರು. ನಾನೂ ಹಿಂದೆಯೇ ಓಡಿದೆ. ತಿರುವಿನಲ್ಲಿ ಯಾರೂ ಇಲ್ಲ. ಸಿಲ್ವರ್ ಮರದ ಕೊಂಬೆಯಲ್ಲಿ ಒಂದು ಕಪ್ಪು ಹಕ್ಕಿ, ಬಾಲದ ತುದಿಯಲ್ಲಿ ಎರಡು ತಂತಿ ನೇತುಬಿಟ್ಟುಕೊಂಡದ್ದು. ಭೀಮರಾಜ ಅನ್ನುತ್ತಾರೆ ಅದನ್ನು. ಬೇರೆ ಹಕ್ಕಿಗಳ ಕೂಗು, ಬೆಕ್ಕಿನ ಕೂಗು, ಏನು ಕೇಳಿದರೂ ಕಲಿತು ಹಾಗೆಯೇ ಒಪ್ಪಿಸುತ್ತದೆ. ನಮ್ಮನ್ನು ನೋಡಿ ಇನ್ನೊಮ್ಮೆ ಶಿಳ್ಳೆ ಹಾಕಿತು. ಅತ್ತಿಗೆ ನಕ್ಕರು, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಮನೆಗೆ ಕರೆತಂದು ಅವರ ಕಾಲಿನಿಂದ ರಕ್ತ ಹೀರುತ್ತಿದ್ದ ಇಂಬಳಗಳನ್ನು ಉಪ್ಪು ಹಾಕಿ ಬಿಡಿಸುವಾಗ ಅವರು ಕಾಲು ಸರಿಸಲೂ ಇಲ್ಲ.

ಅಂದಿನಿಂದ ಆ ಮನೆಯಲ್ಲಿ ಶಿಳ್ಳೆ ನಿಂತಿಲ್ಲ. ಹಕ್ಕಿ ಎಂದು ಅತ್ತಿಗೆಗೆ ಗೊತ್ತು, ಅವರೇನು ಮರುಳರಲ್ಲ. ಆದರೂ ಶಿಳ್ಳೆ ಕೇಳಿದಾಗ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಒಮ್ಮೆ ನಾನು ತಡೆಯಲಾರದೆ ರೇಗಿದೆ. "ಹಕ್ಕಿ ಅತ್ಗೆ, ಬರೀ ಹಕ್ಕಿ. ಎಷ್ಟು ಸಲ ಅಂತ ಬಾಗ್ಲು ತೆಗೀತೀರಿ?" ಅದಕ್ಕೆ ಅವರು ಸಮಾಧಾನದಿಂದಲೇ ಹೇಳಿದರು: "ಆಗ ಇದ್ದ ಹಕ್ಕಿ ಇದಲ್ಲ, ಗೊತ್ತುಂಟಾ? ಅದರ ಬಾಲದ ಒಂದು ತಂತಿ ತುಂಡಾಗಿತ್ತು. ಅದು ಸತ್ತೇ ಹೋಯ್ತು, ನಾನೇ ನೋಡಿದ್ದು. ಇದು ಆಮೇಲೆ ಹುಟ್ಟಿದ್ದು. ನಿನ್ನ ಅಣ್ಣನ ಮುಖ ನೋಡದ ಹಕ್ಕಿ ಇದು. ಇದಕ್ಕೆ ಯಾರು ಕಲಿಸಿದ್ದು?"

ದೊಡ್ಡ ಹಕ್ಕಿಯಿಂದ ಮರಿ ಕಲಿತಿರುತ್ತದೆ ಎಂದು ನಾನು ಹೇಳಿದೆ. ಆದರೆ ಅತ್ತಿಗೆಯ ಆ ಪ್ರಶ್ನೆ ಕಿವಿಗೆ ಬಿದ್ದ ಮೇಲೆ, ನಗಬೇಡಿ, ಸಂಜೆ ಹೊತ್ತು ನಾನು ಒಬ್ಬಳೇ ಕಣದ ತಿರುವಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಆಡಿ ಬೆಳೆದ ಜಾಗ, ಆದರೆ ಅಲ್ಲಿ ನಿಂತರೆ ಯಾರೋ ನನಗಿಂತ ಎರಡು ಹೆಜ್ಜೆ ಮೇಲೆ ನಿಂತು ನನ್ನ ಜಡೆ ನೋಡುತ್ತಿದ್ದಾರೆ ಅನ್ನಿಸುತ್ತದೆ. ಅಣ್ಣ ಹಿಂದಿನಿಂದ ಬಂದು ಜಡೆ ಎಳೆಯುತ್ತಿದ್ದ. ತಿರುಗಿ ನೋಡಲು ಹೆದರಿಕೆ, ನೋಡದೆ ಬರಲು ಸಂಕಟ.

ಆದರೆ ಆ ಮನೆಯಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ಕಣದಲ್ಲಿ ಮಾತ್ರ. ಶಬ್ದದ ಅರ್ಥ ನೋಡಲು ಅವತ್ತು ಅಲ್ಲಿಗೇ ಹತ್ತಬೇಕಾಯಿತು. ಬೇಗ ನೋಡಿ ಇಳಿದುಬಿಡೋಣ ಎಂದು ಅವಸರದಲ್ಲಿ ಒತ್ತಿದೆ. ಮೊದಲ ಸಾಲಿನಲ್ಲೇ ಇತ್ತು: ಮರಳಿ ಬಂದವನು, ಮುಖ್ಯವಾಗಿ ಸತ್ತ ಮೇಲೆ ಮರಳಿ ಬಂದವನು. ಅದರ ಕೆಳಗೆ ಪ್ರೇತ ಎಂಬ ಅರ್ಥದ ಇನ್ನೊಂದು ಶಬ್ದ. ಮೇಲಿನಿಂದ ಶಿಳ್ಳೆ ಕೇಳಿತು. ನಾನು ತಲೆಯೆತ್ತಲಿಲ್ಲ. ಮೊಬೈಲನ್ನು ಸೆರಗಿನಲ್ಲಿ ಸುತ್ತಿ ಇಳಿದು ಬಂದು, "ನೆಟ್‌ವರ್ಕ್ ಸಿಗ್ಲಿಲ್ಲ, ಶಾಲೇಲಿ ನೋಡಿ ಹೇಳ್ತೀನಿ" ಅಂದೆ. ಇನ್ನೇನು ಹೇಳಲಿ? ಈ ಮನೆಯಲ್ಲಿ ಯಾರೂ ಬಾಯಿಂದ ತೆಗೆಯದ ಮಾತನ್ನು ದಾರಿಹೋಕ ಗೆಸ್ಟು ತೆಗೆದುಬಿಟ್ಟಿದ್ದ.

ಯಾರೂ ತೆಗೆಯದ ಅಂದೆ, ತಪ್ಪು. ಒಬ್ಬರು ತೆಗೆಯುತ್ತಿದ್ದರು, ನಮ್ಮ ಚಿಕ್ಕಪ್ಪ. ಅಪ್ಪನ ತಮ್ಮ, ನಮ್ಮ ಕುಟುಂಬದಲ್ಲಿ ಉಳಿದಿರುವ ಒಬ್ಬರೇ ಹಿರಿಯರು. ಮಲ್ಲಂದೂರಿನ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಪ್ರತಿ ವರ್ಷ ದೀಪಾವಳಿ ಹತ್ತಿರ ಬಂದಾಗ ಜೀಪು ಮಾಡಿಕೊಂಡು ಬಂದು ಒಂದೇ ಮಾತು ಎತ್ತುತ್ತಿದ್ದರು. "ಈ ಸಲ ಅವನನ್ನ ಒಳಗೆ ಕರ್ದುಬಿಡುವ."

ನಮ್ಮಲ್ಲಿ ಸತ್ತವರು ತಾವಾಗಿ ಮನೆಯೊಳಗೆ ಬರುವಂತಿಲ್ಲ. ಸುಟ್ಟು, ಕರ್ಮ ಮುಗಿಸಿ, ಆಮೇಲೆ ಒಂದು ಸಂಜೆ ಮನೆಯ ಹಿರಿಯರು ಅಂಗಳದಲ್ಲಿ ನಿಂತು ಸತ್ತವರನ್ನು ಕರೆಯಬೇಕು, ಬಾ, ಒಳಗೆ ಬಾ, ನಿನ್ನ ಹಿರಿಯರ ಜೊತೆ ಕೂತುಕೋ ಎಂದು. ಕರೆದ ಮೇಲೆಯೇ ಅವರಿಗೆ ಹಬ್ಬದ ಎಡೆಯಲ್ಲಿ ಒಂದು ಎಲೆ. ಅಲ್ಲಿಯವರೆಗೆ ಅವರು ಹೆಂಚಿನ ಮಾಡಿನ ನೀರು ಬೀಳುವ ಸಾಲಿನಾಚೆ ನಿಂತಿರುತ್ತಾರೆ ಎಂದು ನಂಬಿಕೆ. ದೇಹ ಸಿಗದವರಿಗೆ ದರ್ಭೆಯ ಬೊಂಬೆ ಮಾಡಿ ಸುಟ್ಟು ಕರೆಯುವ ಕ್ರಮವೂ ಇದೆ. ಆದರೆ ಅತ್ತಿಗೆ ಒಪ್ಪಬೇಕಲ್ಲ. ಕರೆದರೆ ಸತ್ತ ಎಂದು ನಾವೇ ಹೇಳಿದ ಹಾಗೆ. ಪ್ರತಿ ವರ್ಷ ಅವರು ಚಿಕ್ಕಪ್ಪನಿಗೆ ಊಟ ಬಡಿಸಿ, ಚೀಲಕ್ಕೆ ಕಾಫಿಪುಡಿ ಹಾಕಿ, ತುಟಿ ಬಿಚ್ಚದೆ ಕಳಿಸುತ್ತಿದ್ದರು.

ನನ್ನ ಕೇಳಿದರೆ? ನನಗೆ ಎರಡೂ ಬೇಡವಾಗಿತ್ತು. ಬೊಂಬೆ ಸುಡುವುದನ್ನು ನೋಡುವ ಧೈರ್ಯ ಇರಲಿಲ್ಲ, ಅತ್ತಿಗೆ ಬಾಗಿಲಲ್ಲಿ ನಿಲ್ಲುವುದನ್ನು ನೋಡಿ ನೋಡಿ ಎದೆ ಸೋತಿತ್ತು.

ಸೋಮವಾರ ಶಾಲೆಯ ಕಪಾಟಿನಿಂದ ದಪ್ಪ ನಿಘಂಟನ್ನು ಇಳಿಸಿದೆ. ಧೂಳು ಹೊಡೆದು ಪುಟ ತೆಗೆದೆ. ಅರ್ಥ ಅದೇ. ಆದರೆ ಕೆಳಗೆ ಶಬ್ದದ ಹುಟ್ಟು ಕೊಟ್ಟಿದ್ದರು. ಫ್ರೆಂಚರಿಂದ ಬಂದದ್ದು, ಅವರಿಗೆ ಲ್ಯಾಟಿನಿನಿಂದ. ರೆ ಅಂದರೆ ಮತ್ತೆ, ವೆನೀರೆ ಅಂದರೆ ಬರುವುದು. ಮತ್ತೆ ಬರುತ್ತಿರುವವನು, ಅಷ್ಟೇ. ಹತ್ತಿರದ ಪುಟದಲ್ಲೇ ರೆವೆನ್ಯೂ ಇತ್ತು. ಅದೂ ಅದೇ ಮೂಲದ್ದು, ತಿರುಗಿ ಬರುವ ಹಣ. ಅದರ ತಂಗಿ ಎಂದು ಅತ್ತಿಗೆ ಹೇಳಿದ್ದು ನೆನಪಾಗಿ ಸ್ಟಾಫ್‌ರೂಮಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಯಾಕೋ ಅಳು ಬಂತು. ಗಣಿತದ ಮೇಷ್ಟ್ರು ಒಳಗೆ ಬಂದವರು ನನ್ನ ಮುಖ ನೋಡಿ ಹಾಗೆಯೇ ಹೊರಗೆ ಹೋದರು.

ವಾರವಿಡೀ ಆ ಶಬ್ದ ನನ್ನನ್ನು ಬಿಡಲಿಲ್ಲ. ಕನ್ನಡದಲ್ಲಿ ಅದಕ್ಕೆ ಏನು ಹೇಳಲಿ ಎಂದು ಹುಡುಕಿದೆ. ದೆವ್ವ ಅಂದರೆ ಬೈಗುಳದ ಹಾಗೆ, ಪ್ರೇತ ಅಂದರೆ ಪುರೋಹಿತರ ಮಾತು. ಇಂಗ್ಲಿಷಿನವರ ಸತ್ತವರಿಗೂ ನಮ್ಮ ಸತ್ತವರಿಗೂ ಇರುವ ವ್ಯತ್ಯಾಸ ಆಗ ಹೊಳೆಯಿತು. ಅವರ ಕಡೆಯವರು ಹೋಗಿ, ಅಲ್ಲಿಂದ ತಿರುಗಿ ಬರುತ್ತಾರೆ. ನಮ್ಮವರು ಹೋಗುವುದೇ ಇಲ್ಲ, ಅಂಗಳದಲ್ಲಿ ನಿಂತಿರುತ್ತಾರೆ. ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ, ಹಾಜರಿ ಕರೆಯುವಾಗ ಇದೇ ಯೋಚನೆ. ನಮ್ಮ ಮನೆಯ ಅಂಗಳದಲ್ಲಿ ಅಣ್ಣ ನಿಂತಿದ್ದಾನೆ, ಬೂಟಿನ ತುಂಬ ಕೆಸರು, ಯಾರೂ ಬಾ ಅನ್ನುತ್ತಿಲ್ಲ. ಒಂದು ಇಂಗ್ಲಿಷ್ ಶಬ್ದ ಇಷ್ಟು ಕಾಡುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಹೋಗಯ್ಯ ಎನ್ನುತ್ತಿದ್ದೆ.

ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿಸಿ ನೇರ ಅಲ್ಲಿಗೆ ಹೋದೆ. ಮುಚ್ಚಿಡುವುದು ನನಗೆ ಬರುವುದಿಲ್ಲ, ಹೊಟ್ಟೆಯಲ್ಲಿ ಇಟ್ಟುಕೊಂಡರೆ ಜ್ವರ ಬರುವ ಜಾತಿ ನಾನು. ಅತ್ತಿಗೆ ಬೆಲ್ಲದ ಕಾಫಿ ಕೊಟ್ಟು ಎದುರಿಗೆ ಕೂತರು. ಅರ್ಥವನ್ನೂ ಹೇಳಿದೆ, ಹುಟ್ಟನ್ನೂ ಹೇಳಿದೆ.

"ಸತ್ತ ಮೇಲೆ ತಿರುಗಿ ಬಂದವ್ರಿಗೆ ಹಂಗೆ ಅಂತಾರೆ ಅತ್ಗೆ. ಅವರು ಕೈ ಹಿಡ್ಕೊಂಡಿದ್ದು ಅದಕ್ಕೇ. ಪಾಪ ಅನ್ನಿಸಿ."

ಅತ್ತಿಗೆ ಲೋಟ ಕೆಳಗಿಟ್ಟರು. ಮುಖದಲ್ಲಿ ಏನೂ ತೋರಿಸಲಿಲ್ಲ. ಆಮೇಲೆ ಕೇಳಿದರು.

"ಹುಟ್ಟಿದಾಗ ಆ ಮಾತಿಗೆ ಎಂತ ಅರ್ಥ ಇತ್ತು ಅಂದೆ?"

"ಮತ್ತೆ ಬರ್ತಾ ಇರೋವ್ನು ಅಂತ."

"ಸತ್ತು ಅಂತ ಅದ್ರಲ್ಲಿ ಇತ್ತಾ?"

"ಇಲ್ಲ. ಬರೋದು ಅಂತ ಮಾತ್ರ."

"ಹಂಗಾದ್ರೆ ಸಾಯೋದನ್ನ ಜನ ಆಮೇಲೆ ಸೇರ್ಸಿದ್ದು" ಎಂದರು ಅತ್ತಿಗೆ. "ನೋಡು. ನಮ್ಮೂರಲ್ಲೂ ಅದನ್ನೇ ಮಾಡಿದ್ದು ಇವ್ರೆಲ್ಲ. ನಿನ್ನ ಅಣ್ಣ ಅವತ್ತು ಹೋಗ್ತೀನಿ ಅನ್ಲಿಲ್ಲ, ಬರ್ತೀನಿ ಅಂದ್ರು. ಉಳಿದದ್ದೆಲ್ಲ ಜನ ಸೇರ್ಸಿದ್ದು."

ಹೊರಡುವಾಗ ಹೋಗುತ್ತೇನೆ ಎಂದು ನಮ್ಮಲ್ಲಿ ಯಾರು ತಾನೇ ಹೇಳುತ್ತಾರೆ? ಅಂಗಡಿಗೆ ಹೋಗುವವನೂ ಬರ್ತೀನಿ ಅನ್ನುತ್ತಾನೆ, ದೇಶ ಬಿಟ್ಟು ಹೋಗುವವನೂ ಬರ್ತೀನಿ ಅನ್ನುತ್ತಾನೆ. ಆದರೆ ಅವರ ಕಣ್ಣಲ್ಲಿ ಅಷ್ಟು ವರ್ಷಗಳಲ್ಲಿ ನೋಡದ ಒಂದು ಹೊಳಪಿತ್ತು. ನಿಘಂಟಿನ ಮೇಲೆ, ಫ್ರೆಂಚರ ಮೇಲೆ, ಆ ಗೆಸ್ಟಿನ ಮೇಲೆ, ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ಬಂತು. ಅವತ್ತು ಮಧ್ಯಾಹ್ನ ಅತ್ತಿಗೆ ಅಣ್ಣನ ಅಂಗಿಗಳನ್ನು ಬೀರುವಿನಿಂದ ತೆಗೆದು ಬಿಸಿಲಿಗೆ ಹಾಕಿದರು. ಒಗೆದ ಬಟ್ಟೆಯ ನಡುವೆ ತಂತಿಯ ಮೇಲೆ ಅವನ ಉದ್ದ ತೋಳಿನ ಅಂಗಿ ಗಾಳಿಗೆ ಆಡುವುದನ್ನು ನೋಡಿ, ಊಟ ಮಾಡಲಾಗದೆ ಎದ್ದೆ.

ದೀಪಾವಳಿಗೆ ಇನ್ನೇನು ಕೆಲವು ದಿನ ಇರುವಾಗ ಚಿಕ್ಕಪ್ಪ ಬಂದರು. ಜೀಪಿನಿಂದ ಇಳಿಯಲು ಆಗಲಿಲ್ಲ, ಡ್ರೈವರೂ ನಾನೂ ಹಿಡಿದು ಇಳಿಸಿದೆವು. ಆ ವರ್ಷ ಅವರು ಒಣಗಿ ಹಂಚಿಕಡ್ಡಿಯಾಗಿದ್ದರು. ಜಗಲಿಯಲ್ಲಿ ಕೂತು ಉಸಿರು ಹಿಡಿದುಕೊಂಡು ಅದೇ ಮಾತು ತೆಗೆದರು. ಅತ್ತಿಗೆ ಈ ಸಲ ಸುಮ್ಮನಿರಲಿಲ್ಲ.

"ಚಿಕ್ಮಾವ, ನೀವು ಕರೀಬೇಡಿ. ಅವ್ರು ಬರ್ತಾ ಇದಾರೆ. ಇಂಗ್ಲಿಷಿನಲ್ಲಿ ಅದಕ್ಕೊಂದು ಮಾತೇ ಉಂಟು, ಇವಳನ್ನೇ ಕೇಳಿ."

ಚಿಕ್ಕಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಎಂಥ ಮಾತು, ಏನು ಎಂದು ಅವರು ಕೇಳಲೇ ಇಲ್ಲ.

"ಇಂಗ್ಲಿಷಿನವ್ರಿಗೆ ನಮ್ಮ ಅಂಗ್ಳ ಗೊತ್ತುಂಟಾ ಮಗ?" ಎಂದರು. ಆಮೇಲೆ ಅತ್ತಿಗೆಗೆ ಹೇಳಿದರು, ಬಹಳ ಮೆಲ್ಲಗೆ, ಜ್ವರದ ಮಗುವಿಗೆ ಹೇಳುವ ಹಾಗೆ. "ನೋಡಮ್ಮ, ನೀನು ಬರ್ತಾನೆ ಅಂತೀಯ. ನಾನು ಬಂದು ನಿಂತಿದಾನೆ ಅಂತೀನಿ. ಮಳೆ ಹೊಡ್ಯುವಾಗೆಲ್ಲ ನಂಗೆ ಅಲ್ಲಿ ನಿದ್ರೆ ಬರಲ್ಲ. ಮಾಡಿನ ಆಚೆ ನೆನೀತಾ ನಿಂತಿದಾನೆ ನಮ್ಮ ಹುಡುಗ. ಅವನಿಗೆ ದಾರಿ ತಪ್ಪಿಲ್ಲ, ಮನೇನೂ ಮರ್ತಿಲ್ಲ. ಕರೀದೆ ಒಳಗೆ ಬರೋ ಹಂಗಿಲ್ಲ ಅವನು. ಕರಿಯೋಕೆ ಉಳ್ದಿರೋನು ನಾನೊಬ್ಬ. ನಾನೂ ಹೋದ್ರೆ ಅವನು ಅಲ್ಲೇ ನಿಂತಿರ್ತಾನೆ. ಮನೆಗೆ ಬಂದವ್ನನ್ನ ಹೊರಗೆ ನಿಲ್ಸಬಾರ್ದು ಕಣಮ್ಮ."

ಚಿಕ್ಕಪ್ಪನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದು ಅವರಿಗೆ ಮರೆತುಹೋಗಿತ್ತು. ನನಗೆ ಆ ಕ್ಷಣ ಅಂಗಳದ ಕಡೆ ನೋಡಲು ಆಗಲಿಲ್ಲ. ಅತ್ತಿಗೆ ನೋಡಿದರು. ಮಾಡಿನ ನೀರು ಬಿದ್ದು ಬಿದ್ದು ಸಾಲು ಬಿದ್ದ ಜಾಗವನ್ನೇ ಎಷ್ಟೋ ಹೊತ್ತು ನೋಡಿದರು. "ನೆನೀತಾ ಇದಾರಾ?" ಎಂದು ಕೇಳಿದರು. ಚಿಕ್ಕಪ್ಪ ತಲೆಯಾಡಿಸಿದರು. "ಆಯ್ತು" ಎಂದರು ಅತ್ತಿಗೆ, ಸೆರಗಿನಿಂದ ಮೂಗು ಒರೆಸಿಕೊಂಡು ಹಾಲು ಕಾಯಿಸಲು ಒಳಗೆ ಹೋದರು.

ಬೊಂಬೆಯ ಕೆಲಸ ಪುರೋಹಿತರು ಹೊಳೆಯ ದಂಡೆಯಲ್ಲಿ ಮಾಡಿಸಿದರು. ಅದನ್ನು ನಾನು ಬರೆಯುವುದಿಲ್ಲ. ದರ್ಭೆ ಬಹಳ ಬೇಗ ಉರಿದುಹೋಗುತ್ತದೆ ಎಂದಷ್ಟೇ ಹೇಳುತ್ತೇನೆ.

ಕರೆಯುವ ದಿನ ಗೆಸ್ಟುಗಳನ್ನು ಬೇಡ ಅಂದಿದ್ದೆವು. ಬೆಳಿಗ್ಗೆಯಿಂದ ಅತ್ತಿಗೆ ಒಲೆ ಬಿಟ್ಟು ಏಳಲಿಲ್ಲ. ಕಡುಬು, ಕೋಳಿ ಸಾರು, ಕಳಲೆ ಪಲ್ಯ, ಅವನಿಗೆ ಇಷ್ಟ ಎಂದು ಹುರಿದ ಒಣಮೀನು. ನಡುಮನೆಯಲ್ಲಿ ಹಿರಿಯರ ಎಡೆಗೆ ಬಾಳೆಲೆ ಹಾಸಿದರು, ಕೊನೆಯಲ್ಲಿ ಹೊಸದಾಗಿ ಒಂದು ಎಲೆ. ಆ ಎಲೆಯನ್ನು ಎರಡು ಸಲ ತೊಳೆದು ಒರೆಸಿದರು. ಸೂರ್ಯ ಗುಡ್ಡದ ಹಿಂದೆ ಇಳಿಯುವಾಗ ಅಂಗಳಕ್ಕೆ ನೀರು ಚಿಮುಕಿಸಿ, ದೀಪ ಹಚ್ಚಿ, ಧೂಪ ಹಾಕಿ, ಚಿಕ್ಕಪ್ಪನನ್ನು ಹಿಡಿದು ಮಾಡಿನ ಸಾಲಿನ ಹತ್ತಿರ ನಿಲ್ಲಿಸಿದೆವು.

ಚಿಕ್ಕಪ್ಪ ಬಾಯಿ ತೆರೆದರು, ಕೆಮ್ಮು ಬಂತು. ಮತ್ತೆ ತೆರೆದರು, ಮತ್ತೆ ಕೆಮ್ಮು. ಅಷ್ಟು ವರ್ಷ ಇದೊಂದಕ್ಕೇ ಕಾದವರಿಗೆ ಸ್ವರವೇ ಏಳಲಿಲ್ಲ. ನಾನು ಕರೆಯಬಹುದೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರು ಅತ್ತಿಗೆಗೆ ಕೈಸನ್ನೆ ಮಾಡಿದರು. "ನೀನೇ ಕರಿ."

ಅತ್ತಿಗೆ ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಬಿಟ್ಟು ಕರೆದವರಲ್ಲ. ದೀಪ ಹಿಡಿದು ನಿಂತವರು ಅಂಗಳದ ಕತ್ತಲೆಗೆ ಮುಖ ಮಾಡಿ, ಊಟಕ್ಕೆ ಎಬ್ಬಿಸುವ ದನಿಯಲ್ಲಿ, "ರೀ, ಬನ್ನಿ. ಎಷ್ಟು ಹೊತ್ತು ಅಲ್ಲೇ ನಿಲ್ತೀರಿ? ಬನ್ನಿ ಒಳಗೆ" ಎಂದರು. ದಾರಿ ಬಿಡುವವರಂತೆ ನಾವು ಮೂವರೂ ಪಕ್ಕಕ್ಕೆ ಸರಿದೆವು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಹೊತ್ತಿನಲ್ಲಿ ನಮ್ಮ ನಡುವೆ ಯಾರೂ ಹಾದುಹೋಗಲಿಲ್ಲ ಎಂದು ನಾನು ಆಣೆ ಮಾಡಿ ಹೇಳಲಾರೆ.

ಎಡೆಯ ಕೋಣೆಯ ಬಾಗಿಲು ಎಳೆದುಕೊಂಡು ನಾವು ಜಗಲಿಯಲ್ಲಿ ಕೂತೆವು. ಹಿರಿಯರು ಉಣ್ಣುವಾಗ ಬದುಕಿದವರು ಒಳಗೆ ಇರಬಾರದು. ಚಿಕ್ಕಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು, ಮುಖ ಹಗುರಾಗಿತ್ತು. ಆಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದು, ಎಡೆಯ ಅನ್ನವನ್ನೇ ಹಂಚಿಕೊಂಡು ಉಂಡೆವು. ಅತ್ತಿಗೆ ಉಂಡರು, ನನಗೆ ಇನ್ನೊಂದು ಕಡುಬು ಬಡಿಸಿದರು, ಒಣಮೀನಿಗೆ ಉಪ್ಪು ಹೆಚ್ಚಾಯಿತು ಎಂದರು. ಅವರು ಅಳಲಿಲ್ಲ ಎಂದು ನನಗೆ ಸಮಾಧಾನವಾಗಿತ್ತು. ಕೊನೆಗೂ ಮುಗಿಯಿತಲ್ಲ, ಇನ್ನು ಇವರು ನೆಮ್ಮದಿಯಾಗಿ ಇರುತ್ತಾರೆ ಎಂದುಕೊಂಡೆ.

ಪಾತ್ರೆ ತೊಳೆಯುವಾಗ ನಾನು ನೀರು ಹುಯ್ಯುತ್ತಿದ್ದೆ. ಅತ್ತಿಗೆ ಕೈ ನಿಲ್ಲಿಸಿ ಕೇಳಿದರು.

"ಈಗ ಅವ್ರು ಒಳಗೇ ಇದಾರಲ್ವಾ?"

"ಹೌದು ಅತ್ಗೆ. ಒಳಗೇ ಇದಾನೆ. ಇನ್ನು ನೆನ್ಯೋದಿಲ್ಲ."

ಅವರು ತಲೆಯಾಡಿಸಿದರು. ಬೂದಿ ಹತ್ತಿದ ಕೈಯನ್ನು ಹಾಗೆಯೇ ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿದರು.

"ಇಷ್ಟು ವರ್ಷ ಬರ್ತಾ ಇದ್ರು ಮಾರಾಯ್ತಿ" ಎಂದರು. "ಇನ್ನು ಬರೋದಿಲ್ಲ."